ಮೈದಾನದಷ್ಟು ಅಗಲದ ತೆರೆ



ಒಂದು ಸರಳ ಲೆಕ್ಕದಿಂದ ಆರಂಭಿಸೋಣ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸುಮಾರು 35 ಸಾವಿರ ಜನ ಕುಳಿತು ಪಂದ್ಯ ನೋಡಬಹುದು. 2011ರ ಜನಗಣತಿಯ ವೇಳೆಗೇ ಈ ಮಹಾನಗರದ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು. ಭಾಗಿಸಿ ನೋಡಿ: ಒಂದು ಆಸನಕ್ಕೆ 240 ಮಂದಿ. ಕೆಂಗೇರಿಯಲ್ಲೋ ವಿಜಯನಗರದಲ್ಲೋ ಮೆಟ್ರೋ ರೈಲು ಹತ್ತಿದರೆ ಕ್ರೀಡಾಂಗಣದ ಸಮೀಪದ ಕಬ್ಬನ್ ಪಾರ್ಕ್ ನಿಲ್ದಾಣದವರೆಗೆ ಯಾರು ಬೇಕಾದರೂ ಹೋಗಬಹುದು. ಒಳಗೆ ಹೋಗುವವನು ಮಾತ್ರ ಆ 240ರಲ್ಲಿ ಒಬ್ಬ. ಉಳಿದ 239 ಜನರ ಗತಿ ಏನು?

ಈ 239 ಜನರ ಕತೆಯೇ ಇಂದಿನ ನಮ್ಮ ವಿಷಯ. ಕ್ರೀಡಾಂಗಣದ ಹೊರಗೆ ಉಳಿದವರಿಗೆ ಆಟವನ್ನು ತಲಪಿಸಲು ಮನುಷ್ಯ ಒಂದು ಶತಮಾನದಿಂದ ಪ್ರಯತ್ನಿಸುತ್ತ ಬಂದಿದ್ದಾನೆ. ಆ ಪ್ರಯತ್ನದ ಇತ್ತೀಚಿನ ಘಟ್ಟ, ಮೈದಾನದಷ್ಟೇ ಅಗಲವಾದ ದೈತ್ಯ ತೆರೆ. ಈ ತೆರೆ ಒಂದೇ ದಿನದಲ್ಲಿ ಎದ್ದು ನಿಂತದ್ದಲ್ಲ. ಅದರ ಬೇರುಗಳು ಸಿನಿಮಾ ಮಂದಿರದಲ್ಲಿವೆ, ಬಾನುಲಿಯಲ್ಲಿವೆ, ಹಳ್ಳಿಯ ಶಾಲೆಯ ಮುಂದೆ ಇಟ್ಟಿದ್ದ ಕಪ್ಪು ಬಿಳುಪಿನ ಟಿ.ವಿ. ಪೆಟ್ಟಿಗೆಯಲ್ಲಿವೆ.

ಆಟ ನೋಡಬಯಸುವವನ ಆಸೆಗಳನ್ನು ಮೂರು ಮಾತುಗಳಲ್ಲಿ ಹೇಳಿಬಿಡಬಹುದು. ಮೊದಲನೆಯದು ‘ಆಗಲೇ’: ಆಟ ನಡೆಯುತ್ತಿರುವ ಕ್ಷಣದಲ್ಲೇ ನೋಡಬೇಕು. ಎರಡನೆಯದು ‘ಇಡಿಯಾಗಿ’: ಚೆಂಡನ್ನಷ್ಟೇ ಅಲ್ಲ, ಇಡೀ ಮೈದಾನವನ್ನು ನೋಡಬೇಕು. ಮೂರನೆಯದು ‘ಒಟ್ಟಾಗಿ’: ನಾಲ್ಕು ಜನರ ಜೊತೆ ಕುಳಿತು, ಅವರ ಉದ್ಗಾರದಲ್ಲಿ ನಮ್ಮ ಉದ್ಗಾರವನ್ನೂ ಸೇರಿಸಿ ನೋಡಬೇಕು. ಕ್ರೀಡಾಂಗಣದ ಒಳಗೆ ಕುಳಿತವನಿಗೆ ಈ ಮೂರೂ ತಾನಾಗಿಯೇ ದೊರೆಯುತ್ತವೆ. ಹೊರಗಿನವನಿಗೆ ಮಾತ್ರ ಪ್ರತಿಯೊಂದು ಹೊಸ ಯಂತ್ರವೂ ಒಂದನ್ನೋ ಎರಡನ್ನೋ ಕೊಟ್ಟು ಉಳಿದದ್ದನ್ನು ಕಸಿದುಕೊಂಡಿದೆ. ಈ ಮೂರು ಮಾತುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಸಾಗೋಣ.

ಕಿವಿಯಿಂದ ಕಂಡ ಆಟ

ಹೊರಗಿನವರಿಗೆ ಮೊದಲು ದೊರೆತದ್ದು ಚಿತ್ರವಲ್ಲ, ಸುದ್ದಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳು ತಮ್ಮ ಕಟ್ಟಡದ ಮುಂದೆ ದೊಡ್ಡ ಹಲಗೆಗಳನ್ನು ನಿಲ್ಲಿಸುತ್ತಿದ್ದವು. ದೂರದ ಊರಿನ ಬೇಸ್‌ಬಾಲ್ ಪಂದ್ಯದ ವಿವರ ತಂತಿಯ ಮೂಲಕ ಬಂದಂತೆಲ್ಲ ಹಲಗೆಯ ಮೇಲಿನ ಗುರುತುಗಳು ಸರಿಯುತ್ತಿದ್ದವು. ಅದನ್ನು ನೋಡಲು ಬೀದಿ ತುಂಬ ಜನ ನಿಲ್ಲುತ್ತಿದ್ದರು. ನಮ್ಮ ಊರುಗಳಲ್ಲೂ ಹೋಟೆಲು, ಅಂಗಡಿಗಳ ಮುಂದೆ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಓಟಗಳ ಸಂಖ್ಯೆ ಬರೆದಿಡುವ ಪದ್ಧತಿ ಇತ್ತು. ಅಳಿಸಿ ಬರೆಯುವ ಆ ಕೈಯೇ ಅಂದಿನ ‘ನೇರ ಪ್ರಸಾರ’!

ಅನಂತರ ಬಂದದ್ದು ಬಾನುಲಿ. ಆಕಾಶವಾಣಿಯ ಬೆಂಗಳೂರು ನಿಲಯ ಆರಂಭವಾದದ್ದು 1955ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1935ರಲ್ಲಿ, ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವೊಂದನ್ನು ಆರಂಭಿಸಿದ್ದರು. 1974ರ ನವೆಂಬರ್ 22ರಂದು ಬೆಂಗಳೂರಿನ ಈ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು. ಎದುರಾಳಿ ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಟೆಸ್ಟ್ ರಂಗಕ್ಕೆ ಕಾಲಿಟ್ಟದ್ದು ಅದೇ ಪಂದ್ಯದಲ್ಲಿ. ಆಗ ಬೆಂಗಳೂರಿನಲ್ಲಿ ದೂರದರ್ಶನ ಇರಲಿಲ್ಲ. ಟಿಕೆಟ್ ಸಿಗದವನಿಗೆ ಟ್ರಾನ್ಸಿಸ್ಟರೇ ಗತಿ. ವೀಕ್ಷಕ ವಿವರಣೆಕಾರ ಮಾತಿನಲ್ಲಿ ಮೈದಾನವನ್ನು ಕಟ್ಟಿಕೊಡುತ್ತಿದ್ದ, ಕೇಳುಗ ಕಣ್ಣು ಮುಚ್ಚಿ ಅದನ್ನು ನೋಡುತ್ತಿದ್ದ. ‘ಆಗಲೇ’ ಎಂಬುದು ಸಿಕ್ಕಿತು, ‘ಒಟ್ಟಾಗಿ’ ಎಂಬುದೂ ಸಿಕ್ಕಿತು. ಆದರೆ ಚಿತ್ರವೇ ಇರಲಿಲ್ಲ.

ಅಗಲವಾದ ಬೆಳ್ಳಿತೆರೆ

ಚಿತ್ರ ಇದ್ದದ್ದು ಸಿನಿಮಾ ಮಂದಿರದಲ್ಲಿ. ರಾಜಾಜಿನಗರದ ನವರಂಗ್ ಚಿತ್ರಮಂದಿರದ ಹೆಸರು ಅಲ್ಲಿನ ವೃತ್ತಕ್ಕೇ ಅಂಟಿಕೊಂಡಿರುವುದನ್ನು ನೀವು ಬಲ್ಲಿರಿ. ಒಂದು ಬಡಾವಣೆಯ ಬದುಕಿನಲ್ಲಿ ದೊಡ್ಡ ತೆರೆಗೆ ಎಂಥ ಸ್ಥಾನವಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದ ತೆರೆ ಇದ್ದದ್ದು ರಾಜಾಜಿನಗರದಿಂದ ಸ್ವಲ್ಪವೇ ದೂರದ ಗಾಂಧಿನಗರದಲ್ಲಿ. 1968ರಲ್ಲಿ ಅಲ್ಲಿ ಆರಂಭವಾದ ಕಪಾಲಿ ಚಿತ್ರಮಂದಿರ ಸಿನಿರಾಮಾ ಮಾದರಿಯ ಬಾಗಿದ, ಅಗಲವಾದ ತೆರೆಗೆ ಹೆಸರಾಗಿತ್ತು. 2017ರಲ್ಲಿ ಅದು ಮುಚ್ಚಿತು.

ಸಿನಿರಾಮಾ ಎಂದರೇನು? ನಿಮ್ಮ ಕೈಯನ್ನು ಮುಂದಕ್ಕೆ ನೇರವಾಗಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ನಮ್ಮ ಕಣ್ಣು ಅತ್ಯಂತ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು, ಸುಮಾರು ಎರಡು ಡಿಗ್ರಿಯಷ್ಟನ್ನು. ಆದರೆ ಅಸ್ಪಷ್ಟವಾಗಿಯಾದರೂ ನಾವು ಗ್ರಹಿಸುವ ನೋಟ ಎಡದಿಂದ ಬಲಕ್ಕೆ ಹತ್ತಿರ ಹತ್ತಿರ 180 ಡಿಗ್ರಿ ಹರಡಿರುತ್ತದೆ. ಪಕ್ಕದಿಂದ ಬರುವ ವಾಹನವನ್ನು ತಲೆ ತಿರುಗಿಸದೆಯೇ ನಾವು ಅರಿಯುವುದು ಈ ಅಂಚಿನ ನೋಟದಿಂದ. ‘ನಾನು ಅಲ್ಲೇ ಇದ್ದೇನೆ’ ಎಂಬ ಭಾವನೆ ಹುಟ್ಟುವುದೂ ಬಹುಮಟ್ಟಿಗೆ ಇದರಿಂದಲೇ. ಅಮೆರಿಕದ ಫ್ರೆಡ್ ವಾಲರ್ ಎಂಬಾತ ಈ ಅಂಶವನ್ನು ಹಿಡಿದು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಬಂದೂಕುಗಾರರಿಗೆ ತರಬೇತಿ ನೀಡುವ ಅಗಲ ತೆರೆಯ ಸಾಧನವನ್ನು ರೂಪಿಸಿದ. ಯುದ್ಧ ಮುಗಿದ ಮೇಲೆ ಅದೇ ವಿಚಾರ ಸಿನಿರಾಮಾ ಆಯಿತು. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಮೂರು ಪ್ರಕ್ಷೇಪಕಗಳು ಪಕ್ಕಪಕ್ಕದಲ್ಲಿ ಮೂರು ಚಿತ್ರಗಳನ್ನು ಬೀರಿ 146 ಡಿಗ್ರಿಯಷ್ಟು ಅಗಲದ ಒಂದೇ ನೋಟವನ್ನು ಕಟ್ಟುತ್ತಿದ್ದವು.

ಇಲ್ಲೊಂದು ತೊಡಕಿತ್ತು. ಒಂದು ಚಿತ್ರ ಇನ್ನೊಂದನ್ನು ಕೂಡುವ ಕಡೆ ಗೆರೆ ಕಾಣುತ್ತಿತ್ತು. ಬಟ್ಟೆಗೆ ಬಟ್ಟೆ ಜೋಡಿಸಿ ಹೊಲಿದಾಗ ಹೊಲಿಗೆ ಕಾಣುವುದಿಲ್ಲವೇ, ಹಾಗೆ. ಈ ತೊಂದರೆಯಿಂದಲೂ ವೆಚ್ಚದಿಂದಲೂ 1960ರ ದಶಕದ ಮೊದಲ ಭಾಗದಲ್ಲೇ ಮೂರು ಪ್ರಕ್ಷೇಪಕಗಳ ಪದ್ಧತಿಯನ್ನು ಕೈಬಿಟ್ಟು, ಅಗಲವಾದ ಒಂದೇ ಫಿಲ್ಮನ್ನು ಬಾಗಿದ ತೆರೆಯ ಮೇಲೆ ತೋರಿಸುವ ಕ್ರಮ ಬಂತು. ಆದರೆ ಹೊಲಿಗೆಯ ಆ ಸಮಸ್ಯೆಯನ್ನು ಮರೆಯಬೇಡಿ. ಅರವತ್ತು ವರ್ಷಗಳ ಅನಂತರ ಅದು ಮತ್ತೆ ನಮ್ಮ ಎದುರಿಗೆ ಬರಲಿದೆ.

1966ರಲ್ಲಿ ‘ಗ್ರಾನ್ ಪ್ರಿ’ ಎಂಬ ಕಾರು ಓಟದ ಚಿತ್ರ ಸಿನಿರಾಮಾ ತೆರೆಗೆ ಬಂತು. ಕ್ರೀಡೆಗೆ ಅಗಲ ತೆರೆ ಎಷ್ಟು ಒಗ್ಗುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ಅದು ಮುಗಿದುಹೋದ ಓಟ, ಕತೆಗಾಗಿ ಕಟ್ಟಿದ ಓಟ. ‘ಇಡಿಯಾಗಿ’ ಸಿಕ್ಕಿತು, ‘ಒಟ್ಟಾಗಿ’ ಸಿಕ್ಕಿತು, ‘ಆಗಲೇ’ ಮಾತ್ರ ಸಿಗಲಿಲ್ಲ. ಚಿತ್ರಮಂದಿರದ ವಾರ್ತಾಚಿತ್ರದಲ್ಲಿ ಪಂದ್ಯ ಕಾಣಿಸುವ ಹೊತ್ತಿಗೆ ಅದರ ಫಲಿತಾಂಶ ಪತ್ರಿಕೆಯಲ್ಲಿ ಬಂದು ಹಳಸಿರುತ್ತಿತ್ತು.

ಮೂರು ಪಟ್ಟಿಗಳ ಕುದುರೆ ಓಟ

ದೊಡ್ಡ ತೆರೆಯ ಮೇಲೆ ನೇರ ಪ್ರಸಾರ ಸಾಧ್ಯವೇ ಎಂಬ ಯೋಚನೆ ಆ ವೇಳೆಗೆ ಹೊಸದೇನೂ ಆಗಿರಲಿಲ್ಲ. 1932ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ಪ್ರಸಿದ್ಧ ಡರ್ಬಿ ಕುದುರೆ ಪಂದ್ಯವನ್ನು, ಓಟ ನಡೆಯುತ್ತಿರುವಾಗಲೇ, ಲಂಡನ್ನಿನ ಮೆಟ್ರೊಪೋಲ್ ಚಿತ್ರಮಂದಿರದ ತೆರೆಯ ಮೇಲೆ ತೋರಿಸಿದ. ಅವನ ಯಂತ್ರ ಅಗಲವಾದ ಚಿತ್ರವನ್ನು ಒಂದೇ ಸಲಕ್ಕೆ ಕಳುಹಿಸಲಾರದಾಗಿತ್ತು. ಆದ್ದರಿಂದ ಅವನು ನೋಟವನ್ನು ಮೂರು ಪಟ್ಟಿಗಳಾಗಿ ಸೀಳಿ ಕಳುಹಿಸಿ, ತೆರೆಯ ಮೇಲೆ ಪಕ್ಕಪಕ್ಕದಲ್ಲಿ ಜೋಡಿಸಿದ. ಪಟ್ಟಿಗೆ ಮೂವತ್ತೇ ಗೆರೆಗಳು. ಕುದುರೆಗಳು ಮಸುಕು ಮಸುಕಾಗಿ ಓಡಿದವು. ಆದರೂ ನೇರ ಪ್ರಸಾರದ ದೊಡ್ಡ ತೆರೆಯ ಇತಿಹಾಸದ ಮೊದಲ ಪುಟದಲ್ಲೇ ‘ಸೀಳು, ಕಳುಹಿಸು, ಜೋಡಿಸು’ ಎಂಬ ಉಪಾಯ ಕಾಣಿಸಿಕೊಂಡಿರುವುದು ಗಮನಾರ್ಹ.

1951ರಲ್ಲಿ ಅಮೆರಿಕದ ಕೆಲವು ಚಿತ್ರಮಂದಿರಗಳಲ್ಲಿ ಜೋ ಲೂಯಿಸನ ಮುಷ್ಟಿಯುದ್ಧವನ್ನು ನೇರವಾಗಿ ತೋರಿಸಲಾಯಿತು. 1971ರ ಮಾರ್ಚ್ 8ರಂದು ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವೆ ನಡೆದ ಕಾಳಗವನ್ನೂ ಹೀಗೆಯೇ ಚಿತ್ರಮಂದಿರಗಳಲ್ಲಿ ಟಿಕೆಟ್ ಕೊಂಡು ಜನ ನೋಡಿದರು. ಮುಷ್ಟಿಯುದ್ಧಕ್ಕೆ ಇದು ಒಗ್ಗಿತು, ಏಕೆಂದರೆ ಅಖಾಡ ಚಿಕ್ಕದು, ಆಟಗಾರರು ಇಬ್ಬರೇ. ಆದರೆ ಹಾಕಿ, ಫುಟ್‌ಬಾಲ್, ಕ್ರಿಕೆಟ್ಟಿನಂಥ ವಿಶಾಲ ಮೈದಾನದ ಆಟಗಳು? ಅವು ಇನ್ನೂ ಕಾಯಬೇಕಾಗಿತ್ತು.

ಊರಿಗೊಂದು ಪೆಟ್ಟಿಗೆ

ಇನ್ನು ಕರ್ನಾಟಕಕ್ಕೆ ಬರೋಣ. ಈ ನಾಡಿನಲ್ಲಿ ಟಿ.ವಿ. ಚಿತ್ರವನ್ನು ಮೊದಲು ಊರಿಗೆ ಊರೇ ಕುಳಿತು ನೋಡಿದ್ದು ರಾಜಧಾನಿಯ ಶ್ರೀಮಂತ ಬಡಾವಣೆಗಳಲ್ಲಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಸೇರಿದ್ದವು. ಕರ್ನಾಟಕದಿಂದ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಊರಿಗೊಂದು ಪೆಟ್ಟಿಗೆ. ಅದರ ಮುಂದೆ ಊರೆಲ್ಲ. ಅಲ್ಲಿ ತೋರಿಸಿದ್ದು ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನೇ ಹೊರತು ಕ್ರಿಕೆಟ್ಟನ್ನಲ್ಲ. ಆದರೆ ಟಿ.ವಿ. ಎಂದರೆ ನೂರಾರು ಜನ ಒಟ್ಟಿಗೆ ಕುಳಿತು ನೋಡುವ ವಸ್ತು ಎಂಬ ಅಭ್ಯಾಸ ಹುಟ್ಟಿದ್ದು ಅಲ್ಲಿ.

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1972ರಿಂದಲೇ ದೂರದರ್ಶನಕ್ಕಾಗಿ ಪ್ರಸಾರಯಂತ್ರಗಳನ್ನು ತಯಾರಿಸತೊಡಗಿತ್ತು. ವಿಚಿತ್ರವೆಂದರೆ, ಯಂತ್ರ ತಯಾರಾಗುತ್ತಿದ್ದ ಊರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮರುವರ್ಷ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಆರಂಭವಾದವು. ಅದೇ ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಬಂತು. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ 1982ರಲ್ಲಿ ನಮ್ಮ ಹಾಸನದಲ್ಲೇ ನೆಲೆಗೊಂಡಿತು.

ಅನಂತರ ಬಂದದ್ದು 1983ರ ಜೂನ್ 25. ಲಾರ್ಡ್ಸ್ ಮೈದಾನದಲ್ಲಿ 183 ಓಟ ಗಳಿಸಿದ ಭಾರತ, ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿ ವಿಶ್ವಕಪ್ ಗೆದ್ದಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಟಿ.ವಿ. ಇದ್ದ ಮನೆಯ ಬಾಗಿಲು ಬೀದಿಗೆಲ್ಲ ತೆರೆದಿರುತ್ತಿದ್ದ ಕಾಲ ಅದು. ನೆಲದ ಮೇಲೆ ಮಕ್ಕಳು, ಕುರ್ಚಿಯಲ್ಲಿ ಹಿರಿಯರು, ಕಿಟಕಿಯ ಸರಳಿನಾಚೆ ಇನ್ನಷ್ಟು ಮುಖಗಳು.

ಇಲ್ಲೇ ಇನ್ನೊಂದು ಸಂಗತಿಯನ್ನು ಹೇಳಬೇಕು. ಫೈನಲ್ಲಿಗೆ ಒಂದು ವಾರ ಮೊದಲು, ಜೂನ್ 18ರಂದು, ಜಿಂಬಾಬ್ವೆಯ ವಿರುದ್ಧ 17 ಓಟಕ್ಕೆ ಐದು ವಿಕೆಟ್ ಕಳೆದುಕೊಂಡಿದ್ದ ಭಾರತವನ್ನು ಕಪಿಲ್ ದೇವ್ ಔಟಾಗದೆ 175 ಓಟ ಹೊಡೆದು ಪಾರುಮಾಡಿದರು. ಕೊನೆಯಲ್ಲಿ ಅವರಿಗೆ ಜೊತೆಯಾಗಿ ನಿಂತು, ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ಓಟಗಳ ಜೊತೆಯಾಟ ಕಟ್ಟಿದವರು ನಮ್ಮ ಸೈಯದ್ ಕಿರ್ಮಾನಿ. ಆ ಆಟದ ಟಿ.ವಿ. ಚಿತ್ರಣವೇ ಇಲ್ಲ. ಅಂದು ಮೈದಾನದಲ್ಲಿದ್ದ ಕೆಲವು ಸಾವಿರ ಜನರ ನೆನಪಿನಲ್ಲಷ್ಟೇ ಅದು ಉಳಿಯಿತು. ತೆರೆ ಎಷ್ಟೇ ದೊಡ್ಡದಾದರೂ ಕ್ಯಾಮೆರಾ ಕಾಣದಿದ್ದುದನ್ನು ತೋರಿಸಲಾರದು.

ಹತ್ತಿರವಾದದ್ದು, ಮರೆಯಾದದ್ದು

ಕಿರುತೆರೆ ಕೊಟ್ಟದ್ದೇನು, ಕಸಿದದ್ದೇನು? 1996ರ ಮಾರ್ಚ್ 9ರ ಪಂದ್ಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೊನಲು ಬೆಳಕಿನಲ್ಲಿ ಭಾರತ-ಪಾಕಿಸ್ತಾನಗಳ ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಅಮೀರ್ ಸೊಹೇಲ್, ವೆಂಕಟೇಶ್ ಪ್ರಸಾದರ ಎಸೆತವೊಂದನ್ನು ಬೌಂಡರಿಗೆ ಅಟ್ಟಿ, ‘ಮುಂದಿನದೂ ಅಲ್ಲಿಗೇ’ ಎಂಬಂತೆ ಬ್ಯಾಟು ಚಾಚಿ ತೋರಿಸಿದರು. ಮುಂದಿನ ಎಸೆತಕ್ಕೆ ಅವರ ಸ್ಟಂಪು ಉರುಳಿತು. ಭಾರತ 39 ಓಟಗಳಿಂದ ಗೆದ್ದಿತು.

ಬ್ಯಾಟು ಚಾಚಿದ ಆ ಭಂಗಿ, ಇಬ್ಬರ ಮುಖದ ಮೇಲಿನ ಕಾವು ಇವೆಲ್ಲ ಸ್ಪಷ್ಟವಾಗಿ ಕಂಡದ್ದು ಯಾರಿಗೆ? ಗ್ಯಾಲರಿಯ ತುದಿಯಲ್ಲಿ ಕುಳಿತವನಿಗಲ್ಲ, ಬಸವೇಶ್ವರನಗರದ ಮನೆಯಲ್ಲಿ ಟಿ.ವಿ. ಮುಂದೆ ಕುಳಿತವನಿಗೆ. ಹತ್ತಿರದ ನೋಟ ಕಿರುತೆರೆಯ ದೊಡ್ಡ ಕೊಡುಗೆ. ಆದರೆ ಆ ಎಸೆತಕ್ಕೆ ಮುನ್ನ ಫೀಲ್ಡರುಗಳು ಎಲ್ಲೆಲ್ಲಿ ನಿಂತಿದ್ದರು, ನಾಯಕ ಯಾರನ್ನು ಎತ್ತ ಸರಿಸಿದ ಎಂಬುದು ಗ್ಯಾಲರಿಯವನಿಗೆ ಒಂದೇ ನೋಟದಲ್ಲಿ ತಿಳಿಯುತ್ತಿತ್ತು. ಮನೆಯವನಿಗೆ ನಿರ್ದೇಶಕ ತೋರಿಸಿದಷ್ಟೇ ಲಭ್ಯ. ಇಪ್ಪತ್ತು ಇಂಚಿನ ಟಿ.ವಿ.ಯನ್ನು ಮೂರು ಮೀಟರ್ ದೂರದಿಂದ ನೋಡಿದರೆ ಅದು ನಮ್ಮ ನೋಟದಲ್ಲಿ ತುಂಬುವುದು ಸುಮಾರು 8 ಡಿಗ್ರಿ ಮಾತ್ರ. ಬೌಂಡರಿಯ ಪಕ್ಕ ಕುಳಿತವನ ಮುಂದೆ ಮೈದಾನ 90 ಡಿಗ್ರಿಗೂ ಮೀರಿ ಹರಡಿರುತ್ತದೆ. ಕಿರುತೆರೆಯಲ್ಲಿ ಕಣ್ಣಿಗೆ ಆಯ್ಕೆಯ ಸ್ವಾತಂತ್ರ್ಯವಿಲ್ಲ.

ಮನೆಮನೆಗೂ ಟಿ.ವಿ. ಬಂದಂತೆ ಬೀದಿಯ ಬಾಗಿಲುಗಳು ಮುಚ್ಚಿದವು. ‘ಒಟ್ಟಾಗಿ’ ಎಂಬುದು ‘ಮನೆಮಟ್ಟಿಗೆ’ ಎಂದಾಯಿತು. ಈಗ ಮೊಬೈಲಿನಲ್ಲಿ ಅದು ‘ಒಬ್ಬನೇ’ ಎಂದಾಗಿದೆ. ‘ಆಗಲೇ’ ಎಂಬುದಕ್ಕೂ ಪೆಟ್ಟು ಬಿದ್ದಿದೆ. ಉಪಗ್ರಹ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗಿ ಬರಲು ಸಂಕೇತಕ್ಕೆ ಬೇಕಾದದ್ದು ಕಾಲು ಸೆಕೆಂಡು ಮಾತ್ರ. ಆದರೆ ಅಂತರಜಾಲದ ಮೂಲಕ ಬರುವ ಚಿತ್ರ ಹಲವು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಂದೆ ಬೀಳುತ್ತದೆ. ಆದ್ದರಿಂದಲೇ ಪಕ್ಕದ ಮನೆಯವರು ಕೂಗಿದ ಮೇಲೆ ನಿಮ್ಮ ಮೊಬೈಲಿನಲ್ಲಿ ವಿಕೆಟ್ ಬೀಳುವುದು! ಒಂದೇ ಬೀದಿಯ ಜನ ಒಂದೇ ಪಂದ್ಯವನ್ನು ಬೇರೆ ಬೇರೆ ಗಳಿಗೆಯಲ್ಲಿ ನೋಡುತ್ತಿದ್ದಾರೆ.

ಬಿಸಿಲಿಗೆ ಬೆದರದ ಬೆಳಕು

ಈಗ ಮತ್ತೆ ದೊಡ್ಡ ತೆರೆಯತ್ತ ತಿರುಗೋಣ. ಸಿನಿಮಾ ತೆರೆ ಕತ್ತಲೆಯ ಕೂಸು. ಬಯಲಿನಲ್ಲಿ, ಬಿಸಿಲಿನಲ್ಲಿ ಅದು ಕಾಣದು. ಮೈದಾನಕ್ಕೆ ಬೇಕಾದದ್ದು ತಾನೇ ಬೆಳಕು ಸೂಸುವ ತೆರೆ. ಮೊದಲು ಸಾಮಾನ್ಯ ವಿದ್ಯುತ್ ಬಲ್ಬುಗಳನ್ನೇ ಸಾಲುಸಾಲಾಗಿ ಜೋಡಿಸಿ ಅಂಕಿ ಅಕ್ಷರಗಳನ್ನು ಮೂಡಿಸುವ ಫಲಕಗಳು ಬಂದವು. ರಾಜಾಜಿನಗರಕ್ಕೆ ಸಮೀಪದಲ್ಲಿ 1936ರಲ್ಲಿ ಸ್ಥಾಪನೆಯಾದ, ಈಗ ಮುಚ್ಚಿರುವ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಇಂಥ ತಂತಿಯ ಬಲ್ಬುಗಳೇ. ಅಂಥ ಬಲ್ಬು ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತದೆ. ಕಾದ ತಂತಿ ಆರಲು ಹೊತ್ತು ಹಿಡಿಯುವುದರಿಂದ ವೇಗವಾಗಿ ಬದಲಾಗುವ ಚಿತ್ರಕ್ಕೂ ಅದು ತಕ್ಕದ್ದಲ್ಲ.

1980ರಲ್ಲಿ ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಸ್ಥೆ ಲಾಸ್ ಏಂಜಲೀಸ್‌ನ ಡಾಜರ್ ಕ್ರೀಡಾಂಗಣದಲ್ಲಿ ‘ಡೈಮಂಡ್ ವಿಷನ್’ ಎಂಬ ಬಣ್ಣದ ತೆರೆಯನ್ನು ನಿಲ್ಲಿಸಿತು. ಟಿ.ವಿ.ಯ ಚಿತ್ರನಳಿಕೆಯ ತತ್ತ್ವದಲ್ಲೇ ಕೆಲಸಮಾಡುವ ಪುಟ್ಟ ನಳಿಕೆಗಳನ್ನು ಅದರಲ್ಲಿ ಜೋಡಿಸಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ ಬಣ್ಣದ ವಿಡಿಯೋ ಫಲಕ ಬಂತು. 1985ರಲ್ಲಿ ಜಪಾನಿನ ತ್ಸುಕುಬಾ ಪ್ರದರ್ಶನದಲ್ಲಿ ಸೋನಿ ಸಂಸ್ಥೆ 40 ಮೀಟರ್ ಅಗಲ, 25 ಮೀಟರ್ ಎತ್ತರದ ‘ಜಂಬೋಟ್ರಾನ್’ ತೆರೆಯನ್ನು ನಿಲ್ಲಿಸಿ ಬೆರಗುಗೊಳಿಸಿತು.

ನಿಜವಾದ ತಿರುವು ಬಂದದ್ದು ಎಲ್‌ಇಡಿಯಿಂದ, ಅಂದರೆ ಬೆಳಕು ಸೂಸುವ ಡಯೋಡಿನಿಂದ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಹುಟ್ಟಿತ್ತು. ಎಲ್ಲ ಬಣ್ಣಗಳನ್ನೂ ಬೆರೆಸಿ ಪಡೆಯಲು ಕೆಂಪು, ಹಸಿರು, ನೀಲಿ ಮೂರೂ ಬೇಕು. ನೀಲಿ ಮಾತ್ರ ಮೂರು ದಶಕ ಕಾಲ ವಿಜ್ಞಾನಿಗಳ ಕೈಗೆ ಸಿಗಲಿಲ್ಲ. ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಮುರಾ ಎಂಬ ವಿಜ್ಞಾನಿಗಳ ದೀರ್ಘ ಪರಿಶ್ರಮದಿಂದ ಅದು ಒಲಿಯಿತು. 1993ರಲ್ಲಿ ನಕಮುರಾ ಪ್ರಖರವಾದ ನೀಲಿ ಎಲ್‌ಇಡಿಯನ್ನು ಪ್ರಕಟಿಸಿದರು. ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಎಲ್‌ಇಡಿ ತೆರೆಯ ಲೆಕ್ಕ ಸುಲಭ. ತೆರೆಯ ಮೇಲಿನ ಪ್ರತಿಯೊಂದು ಚಿತ್ರಬಿಂದುವಿನಲ್ಲೂ ಮೂರು ಬಣ್ಣದ ಮೂರು ಡಯೋಡುಗಳಿರುತ್ತವೆ. ಬಿಂದುವಿನಿಂದ ಬಿಂದುವಿಗೆ 10 ಮಿಲಿಮೀಟರ್ ಅಂತರವಿದ್ದರೆ, 16 ಮೀಟರ್ ಅಗಲ, 9 ಮೀಟರ್ ಎತ್ತರದ ತೆರೆಯಲ್ಲಿ 1600 ಸಾಲು, 900 ಸಾಲು, ಒಟ್ಟು 14 ಲಕ್ಷದ 40 ಸಾವಿರ ಬಿಂದುಗಳು. ಡಯೋಡುಗಳು 43 ಲಕ್ಷಕ್ಕೂ ಹೆಚ್ಚು. ಹತ್ತಿರ ನಿಂತರೆ ಚುಕ್ಕಿಗಳು ಕಾಣುತ್ತವೆ, ದೂರ ಸರಿದರೆ ಚಿತ್ರ ಕೂಡಿಕೊಳ್ಳುತ್ತದೆ. ಅಂತರ ಎಷ್ಟು ಮಿಲಿಮೀಟರೋ ಕನಿಷ್ಠ ಅಷ್ಟು ಮೀಟರ್ ದೂರ ನಿಲ್ಲಬೇಕು ಎಂಬುದು ಕೆಲಸಗಾರರ ಸ್ಥೂಲ ಲೆಕ್ಕ. ಇಂಥ ತೆರೆಯನ್ನು ಚಿಕ್ಕ ಚಿಕ್ಕ ಫಲಕಗಳಾಗಿ ಕಳಚಿ ಲಾರಿಯಲ್ಲಿ ತಂದು, ಯಾವ ಬಯಲಿನಲ್ಲಾದರೂ ಜೋಡಿಸಬಹುದು. ಅಗಲವೂ ಇಷ್ಟೇ ಎಂಬ ಮಿತಿಯಿಲ್ಲ.

ಎನೊಶಿಮಾದ ಕಡಲಿನಲ್ಲಿ

ಅಗಲ ತೆರೆಯ ಕತೆ ಇಲ್ಲಿ ಕೆಂಗೇರಿಯ ಪಕ್ಕದಿಂದಲೇ ಹಾದುಹೋಗುತ್ತದೆ. ಜ್ಞಾನಭಾರತಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಕೊರೊನಾ ಕಾಲದಲ್ಲಿ ಭಾರತದ ಪುರುಷ ಹಾಗೂ ಮಹಿಳಾ ಹಾಕಿ ತಂಡಗಳು ಅಲ್ಲಿಯೇ ಉಳಿದು ಅಭ್ಯಾಸ ನಡೆಸಿದ್ದವು. ಒಂದು ವರ್ಷ ಮುಂದೆ ಹೋಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಪುರುಷರ ತಂಡ ಆಗಸ್ಟ್ 5ರಂದು ಜರ್ಮನಿಯನ್ನು 5-4 ಗೋಲುಗಳಿಂದ ಸೋಲಿಸಿ, 41 ವರ್ಷಗಳ ಅನಂತರ ಪದಕ ತಂದಿತು. ಆ ಗ್ಯಾಲರಿಗಳು ಖಾಲಿ. ಸಾಂಕ್ರಾಮಿಕದ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಅಂದು 240ರಲ್ಲಿ 240 ಜನವೂ ಹೊರಗೆ!

ಅದೇ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆ ನಡೆದದ್ದು ಎನೊಶಿಮಾದ ಕಡಲಿನಲ್ಲಿ. ಭಾರತದ ನಾಲ್ವರು ಅಲ್ಲಿ ಸ್ಪರ್ಧಿಸಿದ್ದರು. ಹಾಯಿದೋಣಿ ಓಟ ದಡದಿಂದ ಬಹು ದೂರ ನಡೆಯುತ್ತದೆ. ದುರ್ಬೀನು ಹಿಡಿದರೂ ದಡದಲ್ಲಿ ನಿಂತವನಿಗೆ ಬಿಳಿಯ ಚುಕ್ಕಿಗಳಷ್ಟೇ ಕಾಣುತ್ತವೆ. ಒಂದು ದೋಣಿಯನ್ನು ಹತ್ತಿರದಿಂದ ತೋರಿಸಿದರೆ ಉಳಿದ ದೋಣಿಗಳು ಎಲ್ಲಿವೆ ಎಂಬುದು ತಿಳಿಯದು, ಎಲ್ಲವನ್ನೂ ತೋರಿಸಿದರೆ ಯಾವುದೂ ಕಾಣದು. ಈ ಕಷ್ಟಕ್ಕೆ ಜಪಾನಿನ ಎನ್‌ಟಿಟಿ ದೂರಸಂಪರ್ಕ ಸಂಸ್ಥೆ ಕಂಡುಕೊಂಡ ಉತ್ತರ ಅತಿ ಅಗಲದ ತೆರೆ. ಪಕ್ಕಪಕ್ಕದಲ್ಲಿ ಕೂರಿಸಿದ ಹಲವು ಕ್ಯಾಮೆರಾಗಳ ಚಿತ್ರಗಳನ್ನು ಆಗಿಂದಾಗಲೇ ಹೊಲಿದು, ಸುಮಾರು 12 ಸಾವಿರ ಬಿಂದುಗಳಷ್ಟು ಅಗಲದ ಒಂದೇ ಚಿತ್ರವನ್ನಾಗಿ ಮಾಡಿ, 5ಜಿ ಜಾಲದ ಮೂಲಕ ದಡಕ್ಕೆ ಕಳುಹಿಸಿ, ನೀರಿನ ಮೇಲೆ ತೇಲುವ 55 ಮೀಟರ್ ಅಗಲದ ಎಲ್‌ಇಡಿ ತೆರೆಯ ಮೇಲೆ ತೋರಿಸಲಾಯಿತು. ಹಾಕಿ ಮೈದಾನದ ಅಡ್ಡಗಲವೂ ಸರಿಯಾಗಿ 55 ಮೀಟರ್ ಎಂಬುದನ್ನು ನೆನೆಯಿರಿ. 25 ಮೀಟರ್ ದೂರ ನಿಂತು ನೋಡಿದರೆ ಆ ತೆರೆ ಸುಮಾರು 95 ಡಿಗ್ರಿಯಷ್ಟು ನೋಟವನ್ನು ತುಂಬುತ್ತದೆ.

1932ರ ಬೇರ್ಡ್, 1952ರ ವಾಲರ್ ಇಬ್ಬರನ್ನೂ ಕಾಡಿದ ಹೊಲಿಗೆಯ ಸಮಸ್ಯೆ ಇಲ್ಲೂ ಇತ್ತು. ಪಕ್ಕಪಕ್ಕದ ಎರಡು ಕ್ಯಾಮೆರಾಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ಕಾಣುತ್ತವೆ. ಒಂದು ಕಣ್ಣು ಮುಚ್ಚಿ, ಅನಂತರ ಇನ್ನೊಂದನ್ನು ಮುಚ್ಚಿ ಬೆರಳನ್ನು ನೋಡಿದರೆ ಅದು ಆಚೀಚೆ ಹಾರಿದಂತೆ ಕಾಣುತ್ತದಲ್ಲ, ಅದೇ ತೊಡಕು. ದೋಣಿಯೊಂದು ಹೊಲಿಗೆಯ ಜಾಗವನ್ನು ದಾಟುವಾಗ ಎರಡಾಗಿಯೋ ಮುರಿದಂತೆಯೋ ಕಾಣಬಾರದು. ಅದಕ್ಕಾಗಿ ಗಣಕಯಂತ್ರ ಪ್ರತಿ ಚೌಕಟ್ಟಿನಲ್ಲೂ ಹೊಲಿಗೆಯ ಗೆರೆಗೆ ತಕ್ಕ ಜಾಗವನ್ನು ಹುಡುಕುತ್ತದೆ. ಎಲ್ಲ ತುಂಡುಗಳೂ ಒಂದೇ ಗಳಿಗೆಗೆ ತೆರೆಯನ್ನು ತಲಪಬೇಕು. ಒಂದು ತುಂಡು ತಡವಾದರೂ ಚಿತ್ರ ಹರಿದುಹೋಗುತ್ತದೆ. ಸಿನಿರಾಮಾದವರಿಗೆ ಇಲ್ಲದ ನೆರವು ಇದು. ಹೀಗೆ ‘ಆಗಲೇ’ ಮತ್ತು ‘ಇಡಿಯಾಗಿ’ ಎಂಬ ಎರಡೂ ಒಂದೇ ತೆರೆಯ ಮೇಲೆ ಕೂಡಿದವು. ಅದರ ಮುಂದೆ ಬಂದು ಕೂರಬೇಕಾಗಿದ್ದ ಪ್ರೇಕ್ಷಕರೇ ಆ ವರ್ಷ ಇರಲಿಲ್ಲ!

ಬಾನಿನ ಅಲೆ, ನೆಲದ ಜಾಗ

ಯಂತ್ರ ಸಿದ್ಧವಾಯಿತು, ಹಾಗಾದರೆ 239 ಜನರ ಪ್ರಶ್ನೆ ಬಗೆಹರಿಯಿತೇ? ಇಲ್ಲ. ಮೊದಲನೆಯದಾಗಿ, ಆ ಚಿತ್ರ ಯಾರ ಸೊತ್ತು? 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರಕಾರಕ್ಕೂ ನಡೆದ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿ 9ರಂದು ಮಹತ್ವದ ತೀರ್ಪು ನೀಡಿತು. ಬಾನಿನ ಅಲೆಗಳು ಸಾರ್ವಜನಿಕ ಸೊತ್ತು, ಅವುಗಳ ಮೇಲೆ ಸರಕಾರಕ್ಕೂ ಏಕಸ್ವಾಮ್ಯವಿಲ್ಲ, ಅವು ಜನಹಿತಕ್ಕೆ ಬಳಕೆಯಾಗಬೇಕು ಎಂಬುದು ಅದರ ಸಾರ. 2007ರ ಕಾನೂನಿನಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಆದರೆ ಬಯಲಿನಲ್ಲಿ ದೊಡ್ಡ ತೆರೆ ಕಟ್ಟಿ ಪಂದ್ಯ ತೋರಿಸಲು ಹಕ್ಕುದಾರರ ಅನುಮತಿ ಬೇಕು, ಅದಕ್ಕೆ ಬೆಲೆಯೂ ಇರುತ್ತದೆ. 2015ರಿಂದ ಭಾರತೀಯ ಕ್ರಿಕೆಟ್ ಮಂಡಳಿಯೇ ಪಂದ್ಯ ನಡೆಯದ ಊರುಗಳಲ್ಲಿ ಐಪಿಎಲ್ ‘ಅಭಿಮಾನಿ ತಾಣ’ಗಳನ್ನು ಏರ್ಪಡಿಸಿ ದೊಡ್ಡ ತೆರೆಯಲ್ಲಿ ಆಟ ತೋರಿಸತೊಡಗಿತು.

ಎರಡನೆಯದು, ಜಾಗ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನಸಾಗರದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಯುವಜನರು, ನಿಮ್ಮ ವಯಸ್ಸಿನವರೂ ಇದ್ದರು. ನಮ್ಮ ಆರಂಭದ ಲೆಕ್ಕವನ್ನು ಈಗ ಮತ್ತೊಮ್ಮೆ ನೋಡಿ. ಒಂದು ಆಸನ, 240 ಜನ. ಅದು ಬರಿಯ ಅಂಕಿಯಲ್ಲ.

ಎಲ್ಲರೊಡನೆ ಕೂಡಿ ಸಂಭ್ರಮಿಸಬೇಕೆಂಬ ಆಸೆ ತಪ್ಪಲ್ಲ. ಮನುಷ್ಯ ಜಾತ್ರೆಗೆ ಹೋಗುವುದೂ ಆ ಆಸೆಯಿಂದಲೇ. ಆದರೆ ಆ ಆಸೆಗೆ ಊರಿನಲ್ಲಿ ಒಂದೇ ಬಾಗಿಲು ಇದ್ದರೆ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ರಾಜಾಜಿನಗರದ ರಾಮಮಂದಿರ ಮೈದಾನದಂಥ ಬಡಾವಣೆಯ ಬಯಲುಗಳಲ್ಲಿ, ಎಷ್ಟು ಜನ ಹಿಡಿಸುತ್ತಾರೋ ಅಷ್ಟೇ ಜನರಿಗೆ, ಒಳಬರಲೂ ಹೊರಹೋಗಲೂ ಬೇರೆ ಬೇರೆ ದಾರಿ ಮಾಡಿ, ನೆರೆಮನೆಯವರ ನಿದ್ದೆಗೆ ಭಂಗ ಬರದ ಹೊತ್ತಿನಲ್ಲಿ ಅಗಲವಾದ ತೆರೆಯೊಂದನ್ನು ನಿಲ್ಲಿಸಿದರೆ, ಒಂದು ಬಾಗಿಲು ಹತ್ತಾಗುತ್ತದೆ. ತೆರೆ ತಾನಾಗಿಯೇ ಯಾರನ್ನೂ ಕಾಯುವುದಿಲ್ಲ ಎಂಬುದು ನಿಜ. ಅದನ್ನು ಕಟ್ಟುವವರ ಯೋಜನೆ, ನೋಡುವವರ ಸಂಯಮ ಎರಡೂ ಸೇರಿದರೆ ಮಾತ್ರ ಅದು ಉಪಕಾರಿ.

ನೀವೇ ಮಾಡಿ ನೋಡಿ

ಕೊನೆಯದಾಗಿ ಒಂದು ಪ್ರಯೋಗ. ನಿಮ್ಮ ಶಾಲೆಯ ಅಥವಾ ಕಾಲೇಜಿನ ಮೈದಾನದಲ್ಲಿ ಖೊಖೊ ನಡೆಯುತ್ತಿರುವಾಗ ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ಕಣ್ಣಿನಿಂದ ಅದರ ಮೂಲಕ ಐದು ನಿಮಿಷ ಆಟ ನೋಡಿ. ಓಡುವವನ ಕಾಲು, ಮುಖ ಚೆನ್ನಾಗಿ ಕಾಣುತ್ತವೆ. ಆದರೆ ಮುಂದಿನ ‘ಖೋ’ ಯಾರಿಗೆ ಬೀಳುತ್ತದೆ ಎಂಬುದನ್ನು ಮುಂಚಿತವಾಗಿ ಊಹಿಸಲಾರಿರಿ. ಅನಂತರ ಕೊಳವೆಯನ್ನು ಕೆಳಗಿಟ್ಟು ನೋಡಿ. ಸಾಲಿನಲ್ಲಿ ಕುಳಿತವರ ಸಿದ್ಧತೆ, ತಪ್ಪಿಸಿಕೊಳ್ಳುವವನ ಹಾದಿ, ಕಂಬದವರೆಗಿನ ದೂರ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಕಿರುತೆರೆಗೂ ಅಗಲ ತೆರೆಗೂ ಇರುವ ವ್ಯತ್ಯಾಸ ಇಷ್ಟೇ. ಒಂದು ಆಟಗಾರನನ್ನು ತೋರಿಸುತ್ತದೆ, ಇನ್ನೊಂದು ಆಟವನ್ನು ತೋರಿಸುತ್ತದೆ. ನಮಗೆ ಎರಡೂ ಬೇಕು.

ಹಾಗೆಯೇ ನಿಮ್ಮ ಮನೆಯ ಹಿರಿಯರನ್ನು ಕೇಳಿ: 1983ರ ಫೈನಲನ್ನು ಯಾರ ಮನೆಯಲ್ಲಿ, ಎಷ್ಟು ಜನ ಕುಳಿತು ನೋಡಿದಿರಿ ಎಂದು. ಅವರ ಉತ್ತರವನ್ನು ಬರೆದಿಡಿ. ದೊಡ್ಡ ತೆರೆಗಳ ಇತಿಹಾಸ ತಯಾರಕರ ಕಡತಗಳಲ್ಲಿ ಸಿಗುತ್ತದೆ. ನೋಡಿದವರ ಇತಿಹಾಸವನ್ನು ಬರೆಯಬೇಕಾದವರು ನೀವು.